ಹತ್ತು ಮಾರು ದೂರ

ಶೈಲೇಶನಿಗೆ ಆ ಲೆನ್ಸಿನ ಮೇಲೆ ಇದ್ದಷ್ಟು ಮೋಹ ಕಟ್ಟಿಕೊಂಡ ಹೆಂಡತಿಯ ಮೇಲೂ ಇರಲಿಲ್ಲ. ಇದು ಹೊರಗಿನವರ ಚಾಡಿಯಲ್ಲ, ಹೆಂಡತಿ ದಿವ್ಯಾ ನೆಂಟರಿಷ್ಟರ ಎದುರಿಗೇ ಹೇಳಿಕೊಂಡು ನಗುತ್ತಿದ್ದ ಮಾತು. ಬೈಂದೂರಿನ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ಅವನದೊಂದು ಸ್ಟುಡಿಯೋ. ಹುಟ್ಟೂರು ಶಂಕರನಾರಾಯಣ. ದೇವಸ್ಥಾನದ ಬೀದಿಯಲ್ಲಿ ಆಡಿ ಬೆಳೆದವನಿಗೆ ಕೆರೆಯ ನೀರು ಗೊತ್ತು, ಹೊಳೆಯ ನೀರು ಗೊತ್ತು, ಕಡಲಿನ ನೀರು ಮಾತ್ರ ಫೋಟೋದಲ್ಲಿ ಕಂಡಷ್ಟೇ ಗೊತ್ತು. ವರ್ಷದಲ್ಲಿ ಆರು ತಿಂಗಳು ಮದುವೆ, ಮುಂಜಿ, ಗೃಹಪ್ರವೇಶ ಎಂದು ಓಡಾಟ. ಮದುಮಕ್ಕಳಿಗೆ ನಗಾಡಿ ನಗಾಡಿ ಎಂದು ಹೇಳಿ ಹೇಳಿ ತನ್ನ ಮುಖದ ನಗುವೇ ಬತ್ತಿತು ಎಂದು ಅವನು ಗೊಣಗುತ್ತಿದ್ದ. ಆ ಗೊಣಗಾಟಕ್ಕೆ ಮದ್ದೆಂದು ಕೊಂಡದ್ದೇ ಈ ಟೆಲಿ ಲೆನ್ಸು. ಮೊಳದುದ್ದ, ಎರಡು ಕಿಲೋ ಭಾರ.

ಇಂಥ ಲೆನ್ಸು ಇರುವುದು ಹಕ್ಕಿ ಹಿಡಿಯಲಿಕ್ಕೆ ಎಂದು ಎಲ್ಲರೂ ತಿಳಿದಿದ್ದರು. ಶೈಲೇಶ ಹಕ್ಕಿಯ ಕಡೆಗೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅವನು ಅದರಲ್ಲಿ ಹಿಡಿಯುತ್ತಿದ್ದುದು ಬೆಟ್ಟ, ಗದ್ದೆ, ಕಡಲು. ಉಳಿದವರು ಅಗಲದ ಲೆನ್ಸು ಹಾಕಿ ಆಕಾಶ, ನೆಲ, ನೀರು ಎಲ್ಲವನ್ನೂ ಸಂತೆ ಚೀಲಕ್ಕೆ ತರಕಾರಿ ತುರುಕಿದ ಹಾಗೆ ಒಂದೇ ಚಿತ್ರಕ್ಕೆ ತುರುಕುತ್ತಾರೆ, ಅದೂ ಒಂದು ಫೋಟೋವೇ ಎಂದು ಅವನ ವಾದ. ದೂರದಲ್ಲಿ ನಿಂತು ಒಂದೇ ಒಂದು ತುಂಡನ್ನು ಆರಿಸಬೇಕು, ಬಾಕಿಯದನ್ನು ಬಿಡಲಿಕ್ಕೆ ಎದೆಗಾರಿಕೆ ಬೇಕು ಎನ್ನುತ್ತಿದ್ದ. ಹೀಗೆ ಹೇಳುವಾಗ ಅವನ ಮುಖದಲ್ಲಿ ತುಸು ಜಂಭವೂ ಇರುತ್ತಿತ್ತು. ಇರಲಿ, ಕೆಲಸ ಬಲ್ಲವನಿಗೆ ಅಷ್ಟು ಜಂಭ ಇದ್ದದ್ದೇ.

ದೂರದ ಬೆಟ್ಟ ನುಣ್ಣಗೆ ಎನ್ನುತ್ತದೆ ಗಾದೆ. ಈ ಲೆನ್ಸಿನ ಎದುರು ಆ ಗಾದೆ ನಡೆಯುತ್ತಿರಲಿಲ್ಲ. ದೂರದ ಬೆಟ್ಟದ ಗಂಟು, ಗೀರು, ಕೊರಕಲು ಎಲ್ಲವೂ ಕಣ್ಣೆದುರಿಗೆ ಬರುತ್ತಿದ್ದವು. ಅದಕ್ಕೆ ಇನ್ನೂ ಒಂದು ಚಾಳಿ ಇತ್ತು. ಹಿಂದಿನದನ್ನು ಎಳೆದು ತಂದು ಮುಂದಿನದರ ಬೆನ್ನಿಗೆ ಅಂಟಿಸಿಬಿಡುತ್ತಿತ್ತು. ಬಿಜೂರಿನ ಗದ್ದೆಯ ಅಂಚಿನಲ್ಲಿ ನಿಂತು ತೆಗೆದರೆ ಮೂಡುದಿಕ್ಕಿನ ಘಟ್ಟ ತೆಂಗಿನ ಸಾಲಿನ ಹಿಂದೆಯೇ ಗೋಡೆಯಂತೆ ಎದ್ದು ನಿಲ್ಲುತ್ತಿತ್ತು. ನಡುವಿನ ಹತ್ತಾರು ಮೈಲಿ ಕಾಡು, ರಸ್ತೆ, ಊರು, ಕೇರಿ ಎಲ್ಲವೂ ಮಾಯ. ಈ ಮಾಯಕ್ಕೇ ಅವನು ಮರುಳಾದದ್ದು.

ಆಗಸ್ಟ್ ಕೊನೆಯ ಒಂದು ಸಂಜೆ ಅವನು ಒತ್ತಿನೆಣೆ ಗುಡ್ಡ ಹತ್ತಿದ್ದ. ಮಳೆ ಬಿಟ್ಟು ಒಂದು ಗಂಟೆಯಾಗಿತ್ತು. ಧೂಳಿಲ್ಲ, ಬಿಸಿಯ ಅಲುಗಾಟವಿಲ್ಲ. ಉದ್ದದ ಲೆನ್ಸಿಗೆ ಹೇಳಿ ಮಾಡಿಸಿದ ಗಾಳಿ. ಮುರಕಲ್ಲಿನ ಬೋಳು ಅಂಚಿನಲ್ಲಿ ಮೂರುಕಾಲಿನ ಸ್ಟ್ಯಾಂಡ್ ಊರಿ, ಗಾಳಿಗೆ ಅಲುಗದಿರಲೆಂದು ಅದಕ್ಕೆ ಬ್ಯಾಗನ್ನೇ ಭಾರವಾಗಿ ತೂಗುಹಾಕಿದ. ಕೆಳಗೆ ಹೊಳೆ ಕಡಲನ್ನು ಸೇರುವ ಅಳಿವೆ, ಅದರಾಚೆ ಮರಳಿನ ದಂಡೆ. ದಂಡೆಯ ಮೇಲೆ ಒಬ್ಬ ಕಡಲಿಗೆ ಮುಖಮಾಡಿ ನಿಂತಿದ್ದ. ಅವನಾಚೆ ಬಿಳಿ ತೆರೆಗಳ ಸಾಲು, ತೆರೆಗಳಾಚೆ ಒಂದು ಪುಟ್ಟ ದೋಣಿ, ದೋಣಿಯಲ್ಲಿ ಒಂಟಿ ಮನುಷ್ಯ. ಬರಿಗಣ್ಣಿಗೆ ಇವರಿಬ್ಬರೂ ಎರಡು ಇರುವೆ. ಲೆನ್ಸಿನೊಳಗೆ ಮಾತ್ರ ಒಬ್ಬರಿಗೊಬ್ಬರು ಬೀಡಿ ಕೇಳುವಷ್ಟು ಹತ್ತಿರ. ಶೈಲೇಶನಿಗೆ ಖುಷಿಯಾಯಿತು. ಐದೂ ಮೂವತ್ತೆಂಟಕ್ಕೆ ಮೊದಲನೆಯ ಚಿತ್ರ ತೆಗೆದ.

ಏಳೆಂಟು ನಿಮಿಷ ಕಳೆದ ಮೇಲೆ ದೋಣಿಯವನು ಹುಟ್ಟು ಎತ್ತಿ ಹಿಡಿದ. ತುದಿಗೆ ಕೆಂಪು ಬಟ್ಟೆಯೊಂದು ಕಟ್ಟಿತ್ತು. ಮುಖ ನೇರ ಗುಡ್ಡದ ಕಡೆಗೆ. ಬೋಳು ಅಂಚಿನಲ್ಲಿ ಕ್ಯಾಮೆರಾ ಹಿಡಿದ ತನ್ನನ್ನು ಕಂಡು ಆಸಾಮಿ ಗಮ್ಮತ್ತು ಮಾಡುತ್ತಿದ್ದಾನೆ ಎಂದು ಶೈಲೇಶ ತಿಳಿದ. ಮರವಂತೆಯಲ್ಲಿ ಕ್ಯಾಮೆರಾ ಕಂಡರೆ ಎಷ್ಟು ಜನ ಕೈ ಬೀಸುವುದಿಲ್ಲ! ಬೆವರೊರೆಸಲು ಕುತ್ತಿಗೆಗೆ ಸುತ್ತಿದ್ದ ಬಿಳಿ ಟವೆಲು, ಅವನ ಬೈರಾಸನ್ನು ತೆಗೆದು ತಲೆಯ ಮೇಲೆ ಎರಡು ಕೈಯಿಂದ ಜೋರಾಗಿ ಬೀಸಿದ. ದೋಣಿಯವನು ಅದನ್ನು ಕಂಡಿರಬೇಕು. ಹುಟ್ಟು ಇಳಿಸಿದ, ಲಂಗರು ನೀರಿಗೆ ಬಿಟ್ಟ, ಗುಡ್ಡದ ಕಡೆಗೇ ನೋಡುತ್ತ ಕುಳಿತ. ಪೋಸು ಕೊಡಲಿಕ್ಕೆ ಇವನಿಗೆ ಹೇಳಿಕೊಡಬೇಕಾಗಿಲ್ಲ ಎಂದುಕೊಂಡು ಶೈಲೇಶ ಮತ್ತೂ ಕೆಲವು ಚಿತ್ರ ತೆಗೆದ. ಆರೂ ಒಂಬತ್ತಕ್ಕೆ ಕೊನೆಯದು. ಅಷ್ಟರಲ್ಲಿ ಹನಿ ಬಿತ್ತು. ಗಂಟುಮೂಟೆ ಕಟ್ಟಿ ಸ್ಕೂಟರ್ ಹತ್ತಿದ. ಮನೆಗೆ ಬಂದವನೇ ಹದಿನಾಲ್ಕು ಚಿತ್ರಗಳಲ್ಲಿ ಮೂರನೆಯದನ್ನು ಆರಿಸಿ, ‘ಮನೆಗೆ ಮರಳುವ ಹೊತ್ತು’ ಎಂದು ಹೆಸರು ಕೊಟ್ಟು ತನ್ನ ಪೇಜಿಗೆ ಹಾಕಿದ.

ಬೆಳಿಗ್ಗೆ ಹಾಲು ತರಲು ಹೋದಾಗ ಸುದ್ದಿ ಸಿಕ್ಕಿತು. ಅವನು ಕಂಡ ಆ ಪುಟ್ಟ ದೋಣಿ, ಮೀನುಗಾರ ರಾಜೀವನದು, ಅಳಿವೆಯ ಹೊರಗೆ ಲಂಗರು ಹಾಕಿದಲ್ಲೇ ಮಗುಚಿತ್ತು. ಎರಡು ದಿನ ಬಿಟ್ಟು ದೇಹ ತೆಂಕು ದಿಕ್ಕಿನ ದಂಡೆಯಲ್ಲಿ ಸಿಕ್ಕಿತು. ಇಂಜಿನ್ ಕೆಟ್ಟಿತ್ತಂತೆ. ಮೊಬೈಲು ಮನೆಯಲ್ಲೇ ಚಾರ್ಜಿಗೆ ನೇತಾಡುತ್ತಿತ್ತಂತೆ. ಅವನ ಜೊತೆ ಪ್ರತಿದಿನ ದೋಣಿಗೆ ಹೋಗುವವನು ಹೆಂಡತಿ ಬೇಬಿಯ ಅಣ್ಣ ನಾಗ. ಆ ದಿನ ಕಡಲು ಸರಿಯಿಲ್ಲ, ಹೋಗುವುದು ಬೇಡ ಎಂದು ನಾಗ ಹೇಳಿದ್ದ. ಮಾತಿಗೆ ಮಾತು ಬೆಳೆದು ರಾಜೀವ ಸಿಟ್ಟಿನಲ್ಲಿ ಒಬ್ಬನೇ ಹೋಗಿದ್ದ. ಮನಸ್ಸು ತಡೆಯದೆ ನಾಗ ಸಂಜೆ ದಂಡೆಗೆ ಬಂದು ಭಾವನ ದಾರಿ ಕಾಯುತ್ತ ನಿಂತಿದ್ದ. ದೋಣಿಯವರು ತೆರೆಯ ಅಬ್ಬರ ತಗ್ಗುವ ತನಕ ಅಳಿವೆಯ ಹೊರಗೆ ನಿಂತು ಕಾಯುವುದು ವಾಡಿಕೆ. ದೂರದಲ್ಲಿ ಆಗೊಮ್ಮೆ ಈಗೊಮ್ಮೆ ಕಾಣುವ ಕಪ್ಪು ಚುಕ್ಕೆಯೂ ಹಾಗೆ ಕಾಯುತ್ತಿದೆ ಎಂದೇ ಅವನು ತಿಳಿದ. ಕತ್ತಲಾದರೂ ಬರದಿದ್ದಾಗ ಬೊಬ್ಬೆ ಹಾಕಿ ಜನ ಸೇರಿಸಿದವನೂ ಅವನೇ.

ಶೈಲೇಶ ತನ್ನ ಪೇಜಿನಿಂದ ಚಿತ್ರ ತೆಗೆದುಹಾಕಿದ. ಅಷ್ಟೊತ್ತಿಗೆ ಕಾಲ ಮಿಂಚಿತ್ತು. ಯಾರೋ ಪುಣ್ಯಾತ್ಮರು ಮೂಲೆಯಲ್ಲಿದ್ದ ಅವನ ಹೆಸರನ್ನು ಕತ್ತರಿಸಿ, ನಾಗನ ಸುತ್ತ ಕೆಂಪು ಉಂಗುರ ಎಳೆದು, ಭಾವ ಮುಳುಗುವುದನ್ನು ನೋಡುತ್ತ ನಿಂತವನು ಎಂದು ಬರೆದು ವಾಟ್ಸಾಪಿಗೆ ಬಿಟ್ಟಿದ್ದರು. ಅದು ಬೈಂದೂರಿನಿಂದ ಕುಂದಾಪುರ, ಕುಂದಾಪುರದಿಂದ ಬ್ರಹ್ಮಾವರ ಎಂದು ಒಂದೇ ದಿನದಲ್ಲಿ ಕರಾವಳಿ ಸುತ್ತಿತು. ತೆಗೆದವರು ಯಾರು ಎಂದು ಒಬ್ಬನೂ ಕೇಳಲಿಲ್ಲ.

ಪೇಟೆಯ ಜನ ನೋಡಿ ಲೊಚಗುಟ್ಟಿ ಮರೆಯುತ್ತಿದ್ದರೋ ಏನೋ. ಕಡಲಿನ ಜನ ಹಾಗೆ ಬಿಡುವವರಲ್ಲ, ಅಳೆಯುವವರು. ನೀರಿನ ಮೇಲೆ ಗೂಟ ನೆಡಲಿಕ್ಕಾಗುವುದಿಲ್ಲ, ದೋಣಿ ಎಷ್ಟು ಸಣ್ಣಗೆ ಕಾಣುತ್ತದೆ ಎನ್ನುವುದರ ಮೇಲೆಯೇ ಅವರು ದೂರ ಹೇಳುತ್ತಾರೆ, ಹೇಳಿದ್ದು ತಪ್ಪುವುದೂ ಇಲ್ಲ. ಕೇರಿಯಲ್ಲಿ ಆ ಲೆಕ್ಕಕ್ಕೆ ಶೀನಜ್ಜನೇ ಕೊನೆಯ ಮಾತು. ಐವತ್ತು ವರ್ಷ ದೋಣಿ ನಡೆಸಿದ ಮುದುಕ. ಗೋವರ್ಧನನ ಚಾ ಹೋಟೆಲಿನಲ್ಲಿ ಕುಳಿತು ಮೊಬೈಲಿನ ಮೇಲೆ ಬೆಂಕಿಕಡ್ಡಿ ಇಟ್ಟು ನಾಗನ ಎತ್ತರ ಅಳೆದ, ರಾಜೀವನ ಎತ್ತರ ಅಳೆದ. ಫೋಟೋ ತೆಗೆದವನು ಮರಳಿನ ಮೇಲೇ ನಾಗನ ಹಿಂದೆ ಎಲ್ಲೋ ನಿಂತಿರಬೇಕು ಎಂದು ಅಂದಾಜು ಮಾಡಿ, ಕಣ್ಣು ಮುಚ್ಚಿ ಲೆಕ್ಕ ಹಾಕಿದ.

“ನಾಗನಿಂದ ದೋಣಿಗೆ ಹತ್ತ್ ಮಾರ್. ಹೆಚ್ಚಂದ್ರೆ ಹನ್ನೆರಡ್. ಹಗ್ಗ ಬಿಸಾಡ್ರೆ ಸಿಕ್ತಿತ್.”

ಎರಡು ಕೈ ಚಾಚಿದರೆ ಒಂದು ಮಾರು. ಅಂಥ ಹತ್ತು ಮಾರು ದೂರದಲ್ಲಿ ತಂಗಿಯ ಗಂಡ ಸಾಯುತ್ತಿದ್ದಾಗ ಈ ಮನುಷ್ಯ ಕೈಕಟ್ಟಿ ನಿಂತಿದ್ದ ಎಂದು ಕೇರಿ ತೀರ್ಮಾನಿಸಿತು. ಬೆಳಿಗ್ಗೆಯ ಜಗಳ ಎಲ್ಲರಿಗೂ ನೆನಪಿತ್ತು. ಅಳತೆ ಗೊತ್ತಿಲ್ಲದವರು ಇಂಥ ತಪ್ಪು ಮಾಡುತ್ತಿರಲಿಲ್ಲ, ಅಳತೆ ಚೆನ್ನಾಗಿ ಗೊತ್ತಿದ್ದದ್ದೇ ಇಲ್ಲಿ ಮುಳುವಾಯಿತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುವುದು ಗಾದೆಗಷ್ಟೇ ಉಳಿಯಿತು. ಬೇಬಿ ಅಣ್ಣನ ಮನೆಗೆ ಹೋಗುವ ದಣಪೆಗೆ ಮುಳ್ಳು ಎಳೆದು ಮುಚ್ಚಿದಳು. ಎರಡು ಮನೆಗೂ ನಡುವೆ ಇದ್ದದ್ದು ಒಂದು ಬೇಲಿ ಮಾತ್ರ.

ಶೈಲೇಶ ಅದೇ ಹೋಟೆಲಿನ ಮೂಲೆಯ ಬೆಂಚಿನಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಲೆನ್ಸಿನ ಚಾಳಿ ಅವನಿಗೆ ಗೊತ್ತಿತ್ತು. ಎದ್ದು ನಿಂತು ನಾಲ್ಕು ಮಾತು ಹೇಳಿದರೆ ಮುಗಿಯುತ್ತಿತ್ತು. ಹೇಳೋಣವೆಂದು ಚಾದ ಲೋಟ ಕೆಳಗಿಟ್ಟದ್ದೂ ಹೌದು. ಅಷ್ಟರಲ್ಲಿ ಗೋವರ್ಧನ ಶೀನಜ್ಜನನ್ನು ಇನ್ನೊಂದು ಮಾತು ಕೇಳಿದ. ರಾಜೀವ ಏನೂ ಸನ್ನೆ ಮಾಡಿರಲಿಕ್ಕಿಲ್ಲವೇ ಎಂದು.

“ಮಾಡದೆ ಇಪ್ಪುದುಂಟಾ? ಹುಟ್ಟಿಗೆ ಬಟ್ಟಿ ಕಟ್ಟಿ ಎತ್ತುದ್. ಕಂಡವ ಬಟ್ಟಿ ಬೀಸ್ಕ್. ಬೀಸಿದ್ದ್ ಕಂಡ್ರೆ ಹುಟ್ಟ್ ಇಳ್ಸಿ, ಲಂಗರ್ ಹಾಕಿ ಕೂಕಣ್ಕ್. ಜನ ಬತ್ರ್ ಅಂದೇಳಿ ಅರ್ಥ.”

ಶೈಲೇಶ ಲೋಟವನ್ನು ಹಾಗೇ ಬಿಟ್ಟು ಹೊರಗೆ ಬಂದ. ಸ್ಟುಡಿಯೋದ ಬಾಗಿಲು ಹಾಕಿಕೊಂಡು ಹದಿನಾಲ್ಕೂ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದ. ಆರನೆಯದರಲ್ಲಿ ಹುಟ್ಟು ಮೇಲೆದ್ದಿತ್ತು. ಐದೂ ನಲವತ್ತಾರು. ಏಳನೆಯದರಲ್ಲಿ ಇಳಿದಿತ್ತು. ಅದೂ ಐದೂ ನಲವತ್ತಾರೇ. ಆರಕ್ಕೂ ಏಳಕ್ಕೂ ನಡುವೆ ಅವನು ಬೈರಾಸು ಬೀಸಿದ್ದ. ಎಂಟರಿಂದ ಹದಿನಾಲ್ಕರವರೆಗೆ ರಾಜೀವ ದೋಣಿಯ ಅಡ್ಡಹಲಗೆಯ ಮೇಲೆ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತಿದ್ದ. ಮುಖ ದೊಡ್ಡದು ಮಾಡಿ ನೋಡಿದ. ಹೆದರಿಕೆ ಇರಲಿಲ್ಲ. ಸಮಾಧಾನ ಇತ್ತು.

ಅಲ್ಲಿಂದ ಅವನಿಗೆ ನೆಮ್ಮದಿ ಎನ್ನುವುದು ಇಲ್ಲವಾಯಿತು. ಲೆನ್ಸಿನ ವಿಷಯ ಬಾಯಿಬಿಟ್ಟರೆ ಗುಡ್ಡದ ಮೇಲೆ ನಿಂತವನು ತಾನು ಎಂದು ಒಪ್ಪಬೇಕು. ಒಪ್ಪಿದರೆ ನೀನು ಏನು ಕಂಡೆ ಎಂಬ ಪ್ರಶ್ನೆ ಬರುತ್ತದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ ಅವನು ಬೀದಿಯಲ್ಲಿ ಹೋಗುವಾಗಲೂ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಿದ್ದ, ಬೈರಾಸು ಇಲ್ಲವಲ್ಲ ಎಂದು. ಮನೆಯ ಹಿಂದಿನ ಹಗ್ಗದಲ್ಲಿ ಬಿಳಿ ಬಟ್ಟೆ ಗಾಳಿಗೆ ಹಾರಿದರೆ ಅವನಿಗೆ ಎದೆ ಹಾರುತ್ತಿತ್ತು. ಒಂದು ದಿನ ಮನೆಯಲ್ಲಿದ್ದ ಬಿಳಿ ಬೈರಾಸುಗಳನ್ನೆಲ್ಲ ಒಟ್ಟುಮಾಡಿ ಹಂಡೆಯ ಒಲೆಗೆ ಹಾಕಿದ. ದಿವ್ಯಾ ಹೌಹಾರಿ ಕೇಳಿದ್ದಕ್ಕೆ ಇಲಿ ಕಡಿದಿತ್ತು ಎಂದ.

ಕ್ಯಾಮೆರಾಕ್ಕೆ ಕಣ್ಣಿಟ್ಟರಂತೂ ಮುಗಿಯಿತು. ವಂಡ್ಸೆಯ ಒಂದು ಮದುವೆಯಲ್ಲಿ ಧಾರೆಯ ಹೊತ್ತು. ಮದುಮಗಳ ತಂದೆ ಕಲಶ ಎತ್ತಿದ. ಶೈಲೇಶನಿಗೆ ಅವನ ಬೆನ್ನ ಹಿಂದೆ, ಸಭೆಯ ಕೊನೆಯ ಕುರ್ಚಿಗಳಾಚೆ, ಮೊಣಕಾಲ ಮೇಲೆ ಕೈಯಿಟ್ಟು ಕುಳಿತ ಒಬ್ಬ ಕಂಡ. ಮೈ ಒದ್ದೆ, ಮುಖದಲ್ಲಿ ಅದೇ ಸಮಾಧಾನ, ಇನ್ನೇನು ಬರುತ್ತಾರೆ ಎನ್ನುವ ಹಾಗೆ. ಕಣ್ಣು ತೆಗೆದು ನೋಡಿದರೆ ಯಾರೂ ಇಲ್ಲ. ಕಣ್ಣಿಟ್ಟರೆ ಮತ್ತೆ ಅಲ್ಲೇ ಇದ್ದಾನೆ. ವಾದ್ಯ ಮೊಳಗಿತು, ನೀರು ಬಿತ್ತು, ಅಕ್ಷತೆ ಹಾರಿತು. ಧಾರೆಯ ಒಂದು ಫೋಟೋವೂ ಬೀಳಲಿಲ್ಲ. ಹೆಣ್ಣಿನ ಕಡೆಯವರು ಉಗಿದ ಉಗುಳು ಒಂದು ಜನ್ಮಕ್ಕೆ ಸಾಕಾಗುವಷ್ಟಿತ್ತು. ಅವನಿಗೆ ಅದು ತಾಗಲೂ ಇಲ್ಲ.

ಅಕ್ಟೋಬರಿನ ಒಂದು ಗುರುವಾರ ಮಧ್ಯಾಹ್ನ ಬೇಬಿಯೇ ಸ್ಟುಡಿಯೋಕ್ಕೆ ಬಂದಳು. ಬಿಜೂರಿನ ಮನೆ ಮನೆಗೆ ಮೀನು ಮಾರಿ ಮುಗಿಸಿ, ಖಾಲಿ ಬುಟ್ಟಿಯನ್ನು ಬಾಗಿಲಲ್ಲಿಟ್ಟು, ಕೈ ಸೆರಗಿಗೆ ಒರೆಸಿಕೊಂಡು ಒಳಗೆ ಬಂದಳು. ಅವಳನ್ನು ರಾಜೀವನ ಉತ್ತರಕ್ರಿಯೆಯ ಬೊಜ್ಜದ ದಿನ ದೂರದಿಂದ ನೋಡಿದ್ದ ಶೈಲೇಶನಿಗೆ ಗುರುತು ಸಿಕ್ಕಿತು. ಅವಳು ಮೊಬೈಲು ತೆಗೆದು ಅದೇ ಚಿತ್ರವನ್ನು ಎದುರಿಗೆ ಹಿಡಿದಳು. ಕೆಂಪು ಉಂಗುರ ಸಮೇತ.

“ಇದ್ರಗೆ ಅವ್ರ್ ಮುಖ ಮಾತ್ರ ದೊಡ್ಡ್ ಮಾಡುಕಾತ್ತಾ? ಕಡೀ ಫೋಟೋ ಇದೇ.”

ಸ್ಪಷ್ಟವಾದ ಮುಖ ಅವನ ಕೈಯಳತೆಯ ಕಂಪ್ಯೂಟರಿನಲ್ಲಿತ್ತು, ಒಂದಲ್ಲ ಹದಿನಾಲ್ಕು. ಈ ಮೊಬೈಲಿನದು ತೀರಾ ಮಸುಕು, ಆಗುವುದಿಲ್ಲ ಎಂದು ಹೇಳಿಬಿಟ್ಟ. ಬೇಬಿ ಒತ್ತಾಯ ಮಾಡಲಿಲ್ಲ. ಬಾಗಿಲ ತನಕ ಹೋದವಳು ತಿರುಗಿ ನಿಂತು, ಅವನಿಗೆ ಹೇಳಿದಳೋ ತನಗೇ ಹೇಳಿಕೊಂಡಳೋ ತಿಳಿಯದ ಹಾಗೆ ಮಾತಾಡಿದಳು.

“ದಿನಾ ಕಾಂತೆ ಇದನ್ನ್. ಅಣ್ಣ ನಾಕ್ ಹೆಜ್ಜಿ ಮುಂದ್ ಹೋಯಿದ್ರೆ ಸಾಕಿತ್. ಯಾಕ್ ಹೋಯ್ಲಿಲ್ಲ ಅಂದೇಳಿ ಗೊತ್ತಾತಿಲ್ಲೆ.”

ಆದಿತ್ಯವಾರ ಎಲ್ಲ ಗೊತ್ತಾಗುತ್ತದೆ ಎಂದೂ ಹೇಳಿದಳು. ಕೇರಿಯ ಹಿರಿಯರು ನಾಗನನ್ನು ಬೊಬ್ಬರ್ಯನ ಗುಡಿಯಲ್ಲಿ ಪ್ರಮಾಣಕ್ಕೆ ಕರೆದಿದ್ದರು. ಕಡಲಿನವರಿಗೆ ಬೊಬ್ಬರ್ಯನಿಗಿಂತ ದೊಡ್ಡ ಕೋರ್ಟಿಲ್ಲ. ದೈವದ ಎದುರು ಕಾಯಿ ಮುಟ್ಟಿ, ಭಾವ ಕಷ್ಟದಲ್ಲಿದ್ದದ್ದನ್ನು ನಾನು ಕಂಡಿಲ್ಲ ಎಂದು ನಾಗ ಹೇಳಬೇಕು. ಹೇಳಿದರೆ ಅಲ್ಲಿಗೆ ಮುಗಿಯಿತು, ಮತ್ತೆ ಯಾರೂ ಆ ಮಾತು ಎತ್ತುವ ಹಾಗಿಲ್ಲ. ಹೇಳದಿದ್ದರೆ ಅವನು ಕೊಂದವನೇ. ಮತ್ತೆ ಅವನ ಜೊತೆ ಯಾರೂ ದೋಣಿ ಹತ್ತುವುದಿಲ್ಲ.

ಇದರಿಂದ ಶೈಲೇಶನಿಗೆ ಒಂದು ಗಳಿಗೆ ಹಾಯೆನಿಸಿತು ಎಂದರೆ ನಂಬಬೇಕು. ನಾಗ ಪ್ರಮಾಣ ಮಾಡುತ್ತಾನೆ, ಊರು ನಂಬುತ್ತದೆ, ತಾನು ಬಾಯಿ ಬಿಡುವ ಅಗತ್ಯವೇ ಬೀಳುವುದಿಲ್ಲ. ಆದರೂ ಯಾವುದೋ ಸೆಳೆತಕ್ಕೆ ಮರುದಿನ ನಾಗನ ಮನೆಗೆ ಹೋದ. ನಾಗ ಚಪ್ಪರದಡಿ ಬಲೆ ಮಡಿಲಲ್ಲಿ ಹಾಕಿಕೊಂಡು ಕುಳಿತಿದ್ದ. ಸೂಜಿ ಕೈಯಲ್ಲಿತ್ತು, ಕೈ ಓಡುತ್ತಿರಲಿಲ್ಲ. ನಾಡಿದ್ದು ಪ್ರಮಾಣ ಮಾಡುತ್ತೀರಲ್ಲ ಎಂದು ಶೈಲೇಶ ಕೇಳಿದ್ದಕ್ಕೆ ಇಲ್ಲ ಎಂದು ತಲೆಯಾಡಿಸಿದ.

“ಸುರುವಿಗೆ ಗೊತ್ತಿದ್ದಿತ್, ನಾ ಕಾಣ್ಲಿಲ್ಲ ಅಂದೇಳಿ. ಈಗ ಕಣ್ಣ್ ಮುಚ್ರೆ ರಾಜೀವನ ಮುಖ ಕಾಣತ್. ‘ಭಾವಾ’ ಅಂದೇಳಿ ಕರ್ದದ್ದೂ ಕೇಳತ್. ಬೊಬ್ಬರ್ಯನ ಎದ್ರ್ ಸುಳ್ಳ್ ಹ್ಯಾಂಗ್ ಹೇಳುದ್?”

ಒಂದೂವರೆ ತಿಂಗಳು ಸಿಕ್ಕಸಿಕ್ಕವರೆಲ್ಲ ಆ ಚಿತ್ರವನ್ನು ನಾಗನ ಮುಖಕ್ಕೆ ಹಿಡಿದಿದ್ದರು. ನೋಡಿ ನೋಡಿ ಅವನ ಸ್ವಂತ ನೆನಪು ಅಳಿಸಿಹೋಗಿ, ಲೆನ್ಸು ಕಂಡದ್ದೇ ಅವನು ಕಂಡದ್ದಾಗಿ ಕುಳಿತಿತ್ತು. ಮಾಡದ ತಪ್ಪನ್ನು ದೈವದ ಎದುರು ಒಪ್ಪಿಕೊಳ್ಳಲು ಹೊರಟ ಮನುಷ್ಯನ ಮುಂದೆ ಇನ್ನು ಸುಮ್ಮನಿರಲು ಶೈಲೇಶನಿಂದ ಆಗಲಿಲ್ಲ. ಆ ಫೋಟೋ ತೆಗೆದವನು ನಾನು, ಗುಡ್ಡದ ಮೇಲಿಂದ ತೆಗೆದದ್ದು, ಆ ಲೆನ್ಸಿಗೆ ದೂರದ್ದೆಲ್ಲ ಒಟ್ಟಿಗೇ ಕಾಣುವುದು, ನೀವು ದೋಣಿಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿದ್ದಿರಿ ಎಂದು ಒಂದೇ ಉಸಿರಿಗೆ ಹೇಳಿದ. ಬೈರಾಸಿನ ಮಾತು ಬಾಯಿಯ ತನಕ ಬಂದು ಹಿಂದೆ ಸರಿಯಿತು.

ನಾಗ ಸಿಟ್ಟಾಗಲಿಲ್ಲ. ಬಲೆಯ ಕಣ್ಣುಗಳನ್ನು ಎಣಿಸುವವನಂತೆ ಬಹಳ ಹೊತ್ತು ಬೆರಳಾಡಿಸಿದ. “ನಂಗ್ ಹೇಳಿ ಎಂತ ಪ್ರಯೋಜನ? ತಂಗಿಗ್ ತೋರ್ಸಿ,” ಎಂದ.

ಶನಿವಾರ ಸಂಜೆ ಐದು ಗಂಟೆಗೆ ಗುಡ್ಡದ ಅಂಚಿನಲ್ಲಿ ಮೂವರು ನಿಂತಿದ್ದರು. ಶೈಲೇಶ, ಬೇಬಿ, ಏದುಸಿರು ಬಿಡುತ್ತಿದ್ದ ಶೀನಜ್ಜ. ಆ ಫೋಟೋ ತೆಗೆದವನು ತಾನೇ ಎಂದು ಹೇಳಿ ಶೈಲೇಶನೇ ಇಬ್ಬರನ್ನೂ ಕರೆತಂದಿದ್ದ. ಕೆಳಗೆ ಮರಳಿನ ಮೇಲೆ, ಆ ದಿನ ನಿಂತ ಜಾಗದಲ್ಲೇ, ನಾಗ ಬಂದು ನಿಂತಿದ್ದ. ಶೀನಜ್ಜನ ಮಗ ಬಚ್ಚ ದೋಣಿ ತೆಗೆದುಕೊಂಡು ಹೋಗಿ ರಾಜೀವನ ಲಂಗರು ಸಿಕ್ಕಿದ ಜಾಗದಲ್ಲಿ ನಿಲ್ಲಿಸಿದ್ದ. ಶೈಲೇಶ ಲೆನ್ಸನ್ನು ಚೀಲದಿಂದ ತೆಗೆಯುವ ಮೊದಲು, ಬರಿಗಣ್ಣಿನಲ್ಲಿ ನೋಡಿ ಎಂದು ಬೇಬಿಗೆ ಹೇಳಿದ. ಅವಳು ಹುಬ್ಬಿಗೆ ಕೈಯಿಟ್ಟು ಅಣ್ಣನನ್ನು ಹುಡುಕಿದಳು. ಸಿಗಲು ತುಸು ಹೊತ್ತು ಹಿಡಿಯಿತು. ದೋಣಿ ಅವನಿಂದ ಎಷ್ಟೋ ಆಚೆ, ತೆರೆಯ ಬಿಳಿಯಲ್ಲಿ ಒಮ್ಮೆ ಇತ್ತು, ಒಮ್ಮೆ ಇರಲಿಲ್ಲ.

ಆಮೇಲೆ ಅವಳು ಲೆನ್ಸಿಗೆ ಕಣ್ಣಿಟ್ಟಳು. ಕಣ್ಣು ತೆಗೆದು ನೋಡಿದಳು, ಮತ್ತೆ ಇಟ್ಟಳು, ಮತ್ತೆ ತೆಗೆದಳು. ಶೀನಜ್ಜನೂ ಬಗ್ಗಿ ನೋಡಿದ. ಮಡಿಲಿನಿಂದ ಬೆಂಕಿಕಡ್ಡಿ ತೆಗೆದು ಕಣ್ಣಿನೆದುರು ಹಿಡಿದು ಕೆಳಗಿನ ದಂಡೆಯನ್ನು ಅಳೆಯಹೊರಟವನು ನಡುವೆಯೇ ಕಡ್ಡಿ ಎಸೆದ. “ಲೆಕ್ಕ ತಪ್ಪಲಿಲ್ಲೆ. ಫೋಟೋ ತೆಗ್ದವ ನಿತ್ತ ಜಾಗ ತಪ್ಪಿತ್,” ಎಂದವನ ದನಿ ಕುಸಿದಿತ್ತು. ಐವತ್ತು ವರ್ಷದಲ್ಲಿ ಅವನ ಬಾಯಿಂದ ತಪ್ಪಿತು ಎಂಬ ಮಾತು ಯಾರೂ ಕೇಳಿದ್ದಿಲ್ಲ.

ಕೆಲಸ ಮುಗಿಯಿತು ಎಂದು ಶೈಲೇಶ ಸ್ಟ್ಯಾಂಡಿನ ತಿರುಪು ಸಡಿಲಿಸತೊಡಗಿದ. ನಾಗ ಉಳಿದ, ತಾನೂ ಉಳಿದೆ ಎಂದು ಅವನ ಒಳಗೆ ಯಾವುದೋ ಸಣ್ಣ ದನಿ ಆಗಲೇ ಹೇಳುತ್ತಿತ್ತು. ಬೇಬಿ ಮಾತ್ರ ಕದಲಲಿಲ್ಲ. ಇಲ್ಲಿಂದ ಅವರ ಮುಖ ಕಂಡಿತ್ತಲ್ಲ, ಬೇರೆ ಫೋಟೋ ಇದೆಯೇ ಎಂದು ಕೇಳಿದಳು. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಅವನು ಒಂದೊಂದಾಗಿ ತೋರಿಸಿದ. ಇಲ್ಲ ಎನ್ನಲು ಈ ಸಲ ನಾಲಿಗೆ ಏಳಲಿಲ್ಲ. ಆರನೆಯದು ಬಂದಾಗ ಬೇಬಿ ಬಾಯಿಗೆ ಸೆರಗು ಒತ್ತಿಕೊಂಡಳು. ಹುಟ್ಟಿನ ತುದಿಯಲ್ಲಿದ್ದದ್ದು ಅವಳದೇ ಹಳೆಯ ಕೆಂಪು ರವಕೆಯ ತುಂಡು, ದೋಣಿ ಒರೆಸಲು ಕೊಟ್ಟದ್ದು. ಏಳನೆಯದನ್ನು ಕಂಡು ಅವಳು ಶೀನಜ್ಜನ ಕಡೆಗೆ ತಿರುಗಿದಳು.

“ಹುಟ್ಟ್ ಯಾಕ್ ಇಳ್ಸ್ರ್?”

ಶೀನಜ್ಜ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಇಂಜಿನ್ ಕೆಟ್ಟವನು ಈಜಿಯಾದರೂ ದಂಡೆ ಸೇರಲು ನೋಡದೆ ಅಳಿವೆಯ ಹೊರಗೆ ಲಂಗರು ಹಾಕಿ ಕುಳಿತದ್ದು ಯಾಕೆ ಎಂದು ಇಷ್ಟು ದಿನ ಅವನಿಗೂ ಬಗೆಹರಿದಿರಲಿಲ್ಲ. ಯಾರೋ ಬಟ್ಟೆ ಬೀಸಿರಬೇಕು, ಬೀಸಿದ್ದು ಕಾಣದೆ ಯಾವ ದೋಣಿಯವನೂ ಹುಟ್ಟು ಇಳಿಸುವುದಿಲ್ಲ ಎಂದು ನಿಧಾನವಾಗಿ ಹೇಳಿದ. ಆಮೇಲೆ ಇಬ್ಬರೂ ಒಟ್ಟಿಗೆ ಕೆಳಗೆ ನೋಡಿದರು. ಅವರ ಲೆಕ್ಕಕ್ಕೆ ಆ ಸಂಜೆ ಕಡಲಿಗೆ ಮುಖ ಮಾಡಿದ್ದ ಇನ್ನೊಬ್ಬ ಮನುಷ್ಯ ಎಂದರೆ ಅಲ್ಲಿ ಮರಳಿನ ಮೇಲೆ ನಿಂತವನೇ. ಬೇಬಿಯ ಮುಖ ಮತ್ತೆ ಬಿಗಿಯುವುದನ್ನು ಶೈಲೇಶ ಕಂಡ. ಕಂಡಿಲ್ಲ ಎನ್ನುವುದಾದರೆ ಅದು ಬೇರೆ. ಕಂಡು, ಬರುತ್ತೇನೆಂದು ಸನ್ನೆ ಮಾಡಿ, ಬರದೆ ನಿಂತ ಎಂದಾದರೆ ಅದಕ್ಕೆ ಏಳು ಜನ್ಮಕ್ಕೂ ಕ್ಷಮೆ ಇಲ್ಲ.

ಬೈರಾಸು ಬೀಸಿದ್ದು ಯಾವ ಚಿತ್ರದಲ್ಲೂ ಇರಲಿಲ್ಲ. ಕ್ಯಾಮೆರಾದ ಹಿಂದಿದ್ದವನನ್ನು ತೋರಿಸುವ ಲೆನ್ಸನ್ನು ಇನ್ನೂ ಯಾರೂ ಮಾಡಿಲ್ಲ. ಸುಮ್ಮನಿದ್ದರೆ ಯಾರಿಗೂ ಎಂದಿಗೂ ತಿಳಿಯುವುದಿಲ್ಲ. ಶೈಲೇಶ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ಟ್ಯಾಂಡಿನ ಕಾಲು ಹಿಡಿದುಕೊಂಡ.

“ನಾಗಣ್ಣ ಅಲ್ಲ. ಬಟ್ಟಿ ಬೀಸಿದ್ದ್ ನಾನ್. ಅವ್ರ್ ನನ್ನನ್ನೇ ಕಂಡದ್ದ್. ನಂಗ್ ಅದ್ರ ಅರ್ಥ ಗೊತ್ತಿಲ್ಲೆ, ನಗಾಡ್ಕಂಡ್ ಬೀಸಿದೆ.”

ಶೀನಜ್ಜ ಅಲ್ಲೇ ಮುರಕಲ್ಲಿನ ಮೇಲೆ ಕುಳಿತುಬಿಟ್ಟ. ಬೇಬಿ ಅಳಲಿಲ್ಲ, ಬೈಯಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಮೊಬೈಲು ತೆಗೆದು ಒಂದು ನಂಬರು ಒತ್ತಿದಳು. ದೂರದ ಮರಳಿನಲ್ಲಿ ಆ ಚುಕ್ಕೆ ಅಲುಗಿತು. “ಅಣ್ಣ, ಸಾಕ್ ನಿತ್ತದ್ದ್. ಮನಿಗ್ ಹೋಪ,” ಎಂದಳು. ಅಣ್ಣ ಎನ್ನುವ ಶಬ್ದ ಅವಳ ಬಾಯಲ್ಲಿ ಒಂದೂವರೆ ತಿಂಗಳ ಮೇಲೆ ಬಂದದ್ದು. ಆಚೆಯಿಂದ ಏನು ಉತ್ತರ ಬಂತೋ, ಅವಳು ಬಹಳ ಹೊತ್ತು ಮೊಬೈಲನ್ನು ಕಿವಿಗೆ ಒತ್ತಿಕೊಂಡೇ ಇದ್ದಳು.

ಆಮೇಲೆ ಅವಳು ಶೈಲೇಶನ ಎದುರಿಗೆ ಬಂದು ನಿಂತಳು. ಇಷ್ಟು ಹತ್ತಿರದಿಂದ ಅವಳ ಮುಖವನ್ನು ಅವನು ನೋಡಿದ್ದೇ ಇಲ್ಲ. ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕೆನ್ನುವುದಷ್ಟೇ ಇತ್ತು.

“ಎಷ್ಟೊತ್ತ್ ಕಾದ್ರ್ ಅವ್ರ್?”

“ಇಪ್ಪತ್ಮೂರ್ ನಿಮಿಷ, ನಾ ಕಂಡದ್ದ್,” ಎಂದ ಶೈಲೇಶ. “ನಾ ಬ್ಯಾಗ್ ಹೆಗಲಿಗ್ ಹಾಕ್ಕಂಡ್ ಇಳ್ದ್ ಹೋಪತಿಗೂ ಅವ್ರ್ ಇತ್ಲಾಗೇ ಕಾಂತಿದ್ದಿದ್ರ್.”